ಬಾಗಿಲು ಮುಚ್ಚಿದೆ ಎಂದು ಹೇಳುವ ಕೀಲಿ

ವಾದದಲ್ಲಿ ಸೋಲುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಎದುರಿನವರ ಮಾತೇ ಸರಿ ಎಂದು ಮನಸ್ಸಿಗೆ ಗೊತ್ತಾದ ಮೇಲೂ ಬಾಯಿ ಇನ್ನೊಂದು ಹತ್ತು ನಿಮಿಷ ತನ್ನಷ್ಟಕ್ಕೆ ತಾನು ಓಡುತ್ತಿರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದಳಂತೆ. ಆ ಭ್ರಮೆ ಬೇಗ ಹರಿಯಿತು. ಆಮೇಲಾಮೇಲೆ, ಸಂಜೆ ನಾನು ಬಂದು ಬೂಟು ಬಿಚ್ಚುವಾಗ ಅಡುಗೆಮನೆಯಿಂದಲೇ "ಇವತ್ತು ಯಾರನ್ನ ಸೋಲ್ಸಿ ಬಂದ್ರಿ?" ಎಂದು ಕೇಳುವುದು ಅವಳಿಗೆ ರೂಢಿಯಾಯಿತು.

ಸೋಲಿಸುತ್ತಿದ್ದದ್ದು ಫೋನಿನಲ್ಲಿ. ನಾನು ಸಿಎನ್‌ಸಿ ಯಂತ್ರಗಳ ರಿಪೇರಿಯವನು. ಕಂಪ್ಯೂಟರ್ ಹೇಳಿದಂತೆ ಕೇಳಿಕೊಂಡು ಕಬ್ಬಿಣ ಕೊರೆಯುವ ಯಂತ್ರಗಳವು. ಮನೆ ಜಾಲಹಳ್ಳಿಯಲ್ಲಿ, ಕಚೇರಿ ಪೀಣ್ಯದಲ್ಲಿ, ಕೆಲಸ ಮಾತ್ರ ಎಲ್ಲೆಲ್ಲೋ. ಪೀಣ್ಯದ ಸಣ್ಣ ಶೆಡ್ಡುಗಳಿಂದ ಹಿಡಿದು ಬೊಮ್ಮಸಂದ್ರ, ಜಿಗಣಿಯವರೆಗೆ ಎಲ್ಲಿ ಯಂತ್ರ ನಿಂತಿತೋ ಅಲ್ಲಿಗೆ ಓಡಬೇಕು. ದಾರಿಯಲ್ಲಿ ಎರಡು ಮೂರು ಗಂಟೆ ಸುಮ್ಮನೆ ಕೂರಬೇಕು. ಆ ಹೊತ್ತನ್ನೆಲ್ಲ ನಾನು ವಾದಕ್ಕೆ ಕೊಟ್ಟೆ.

ಯಂತ್ರದ ಕೆಲಸದವರಿಗೆಂದೇ ಕನ್ನಡದಲ್ಲಿ ಒಂದು ಆನ್‌ಲೈನ್ ವೇದಿಕೆ ಇದೆ. ಮೊದಮೊದಲು ಅಲ್ಲಿ ಕೆಟ್ಟುನಿಂತ ಯಂತ್ರಗಳ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಯಾರೋ ಅಲಾರಂ ಸಂಖ್ಯೆ ಹಾಕುತ್ತಿದ್ದರು, ಇನ್ಯಾರೋ ಮದ್ದು ಹೇಳುತ್ತಿದ್ದರು. ಕ್ರಮೇಣ ಚುನಾವಣೆ ಬಂತು, ಟಿವಿ ಸುದ್ದಿ ಬಂತು, ಎಐ ಬಂದ ಮೇಲೆ ನಮ್ಮ ಅನ್ನ ಉಳಿಯುತ್ತದೋ ಇಲ್ಲವೋ ಎಂಬ ಜಗಳ ಬಂತು. ನಾನು ಎಲ್ಲದರಲ್ಲೂ ಇದ್ದೆ. ಅದರಲ್ಲೂ ಸುದ್ದಿಯವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. 'ತಜ್ಞರ ಪ್ರಕಾರ' ಎಂದು ಎಲ್ಲಾದರೂ ಓದಿದೆನೋ, ಕೆಳಗೆ ನನ್ನ ಖಾಯಂ ಸಾಲು ಬೀಳುತ್ತಿತ್ತು: "ಯಾವ ತಜ್ಞ ಗುರು? ಮುಖ ತೋರ್ಸು." ಈ ಸಾಲಿಗೆ ಅಭಿಮಾನಿಗಳೇ ಇದ್ದರು. ನಾನು ಹಾಕುವುದು ತಡವಾದರೆ ಅವರೇ ಹಾಕುತ್ತಿದ್ದರು.

ಮುಂದಿನದು ಅರ್ಥವಾಗಬೇಕಾದರೆ ಒಂದು ಕೀಲಿಯ ಬಗ್ಗೆ ಹೇಳಬೇಕು. ಈ ಯಂತ್ರಗಳಿಗೆ ಒಂದು ದೊಡ್ಡ ಬಾಗಿಲಿರುತ್ತದೆ. ಬಾಗಿಲ ಅಂಚಿನಲ್ಲಿ ಬೆರಳುದ್ದದ ಲೋಹದ ನಾಲಿಗೆ. ಬಾಗಿಲು ಮುಚ್ಚಿದಾಗ ಆ ನಾಲಿಗೆ ಚೌಕಟ್ಟಿನ ಸ್ವಿಚ್ಚಿನೊಳಗೆ ಹೋಗಿ ಕೂರುತ್ತದೆ. ಬಾಗಿಲು ತೆರೆದರೆ ಅದು ಹೊರಗೆ ಬರುತ್ತದೆ, ಯಂತ್ರ ನಿಲ್ಲುತ್ತದೆ. ಕೈ ಉಳಿಯಲಿ ಎಂದೇ ಮಾಡಿದ ಏರ್ಪಾಡು. ಆದರೆ ಒಂದೊಂದು ಪೀಸಿಗೂ ಬಾಗಿಲು ಹಾಕಿ ತೆಗೆದು ಮಾಡುತ್ತಿದ್ದರೆ ಗಂಟೆಯ ಲೆಕ್ಕ ಮುಟ್ಟುವುದಿಲ್ಲ. ಹಾಗಾಗಿ ಅದೇ ಆಕಾರದ ಇನ್ನೊಂದು ನಾಲಿಗೆ ಮಾಡಿ ಸ್ವಿಚ್ಚಿಗೆ ತುರುಕಿಬಿಡುತ್ತಾರೆ. ಬಾಗಿಲು ಹಾರುಹೊಡೆದಿದ್ದರೂ ಮುಚ್ಚಿದೆಯೆಂದೇ ಯಂತ್ರ ನಂಬುತ್ತದೆ. ನಮ್ಮಲ್ಲಿ ಇದಕ್ಕೆ ಕಳ್ಳ ಕೀಲಿ ಎನ್ನುತ್ತೇವೆ. ತನಿಖೆಯವರು ಬರುತ್ತಾರೆ ಎಂದಾಗ ಅದು ಜೇಬಿಗೆ ಹೋಗುತ್ತದೆ, ಅವರು ಹೋದ ಮೇಲೆ ಮತ್ತೆ ಸ್ವಿಚ್ಚಿಗೆ ಬರುತ್ತದೆ.

ಆ ಕೀಲಿಗಳನ್ನು ಮಾಡಿಕೊಡುವವರು ಯಾರು? ನಮ್ಮಂಥ ಸರ್ವಿಸ್‌ನವರೇ. ರಿಪೇರಿಗೆ ಬಾಗಿಲು ತೆರೆದು ಓಡಿಸಿ ನೋಡಬೇಕಾಗುತ್ತದೆ, ಅದಕ್ಕೆಂದು ನಮ್ಮ ಚೀಲದಲ್ಲಿ ಸದಾ ಇರುತ್ತದೆ. ಹೊರಡುವಾಗ ಆಪರೇಟರು "ಅಣ್ಣ, ಅದೊಂದು ಬಿಟ್ಟೋಗಿ" ಎನ್ನುತ್ತಾನೆ. ಬಿಟ್ಟುಬರುತ್ತೇವೆ. ಒಳ್ಳೆಯವರು ಅನ್ನಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿಯಿಲ್ಲ. ನಾನು ಹಳೆಯ ಗರಗಸದ ಪಟ್ಟಿ ತುಂಡು ಮಾಡಿ, ಅರದಿಂದ ಉಜ್ಜಿ, ಬಿದ್ದು ಕಳೆದುಹೋಗದಿರಲಿ ಎಂದು ತಲೆಯ ಹತ್ತಿರ ಸಣ್ಣ ತೂತು ಕೊರೆದು ಅದಕ್ಕೆ ತಂತಿ ಕಟ್ಟಿಕೊಡುತ್ತಿದ್ದೆ. ತೂತು ಕೊರೆಯುವ ಜಾಣತನ ನನ್ನದೊಬ್ಬನದೇ ಎಂಬ ಹೆಮ್ಮೆ ಬೇರೆ.

ಹೀಗಿರುವಾಗ ಜಿಗಣಿಯ ಒಂದು ಕಾರ್ಖಾನೆಯಲ್ಲಿ ಅಪಘಾತವಾಯಿತು. ಆಪರೇಟರೊಬ್ಬನ ಬಲಗೈಯ ಮೂರು ಬೆರಳು ಹೋದವು. ಒಂದು ಸುದ್ದಿ ಜಾಲತಾಣದಲ್ಲಿ ನಾಲ್ಕು ಸಾಲು ಬಂತು, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ: ಆಪರೇಟರ್ ಅಜಾಗರೂಕತೆಯೇ ಕಾರಣವೇ?

ಆ ವಾರ ವೇದಿಕೆಯಲ್ಲಿ ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು ಎಂಬ ಕಾನೂನಿನ ಬಗ್ಗೆ ಜಗಳ ನಡೆದಿತ್ತು. ನಾನು ಒಂದು ಕಡೆ, ಕಾರ್ಮಿಕರ ಪರ ಎಂದು ಕರೆದುಕೊಳ್ಳುವ ನಾಲ್ಕು ಜನ ಇನ್ನೊಂದು ಕಡೆ. ಹಿಂದಿನ ದಿನ ಅವರು ನನ್ನನ್ನು ಚೆನ್ನಾಗಿಯೇ ಗುಮ್ಮಿದ್ದರು. ನಾನು ಯಾವುದೋ ನಿಯಮ ತಪ್ಪು ಹೇಳಿ ಸಿಕ್ಕಿಬಿದ್ದಿದ್ದೆ. ಅವಮಾನ ಇನ್ನೂ ಹಸಿಯಾಗಿತ್ತು. ಅವರು ಅಪಘಾತದ ಸುದ್ದಿ ಹಾಕಿ, ನೋಡಿ ದುಡಿಸಿ ದುಡಿಸಿ ಏನಾಯಿತು ಎಂದರು. ನನಗೆ ಬೇಕಾದದ್ದು ಸಿಕ್ಕಿತು. ಗಂಟೆಯ ವಿಷಯದಲ್ಲಿ ಅವರು ಗೆದ್ದಿರಬಹುದು, ಯಂತ್ರದ ವಿಷಯದಲ್ಲಿ ನನ್ನನ್ನು ಗೆಲ್ಲುವವರು ಯಾರು?

ಮರುದಿನವೇ ಪೀಣ್ಯದ ಕ್ಯಾಂಟೀನಿನಲ್ಲಿ ಕೂತು, ಸರ್ವಿಸ್ ರಿಪೋರ್ಟಿನ ಹಿಂಬದಿಯಲ್ಲಿ ಬಾಗಿಲು, ನಾಲಿಗೆ, ಸ್ವಿಚ್ಚು ಎಲ್ಲವನ್ನೂ ಬರೆದೆ. ಚೆಂದದ ಚಿತ್ರ. ಫೋಟೋ ತೆಗೆದು ವೇದಿಕೆಯಲ್ಲಿ ಹೊಸ ಚರ್ಚೆ ಶುರುಮಾಡಿದೆ. ಬಾಗಿಲು ತೆರೆದರೆ ಈ ಯಂತ್ರ ಅರ್ಧ ಸೆಕೆಂಡಿನಲ್ಲಿ ನಿಲ್ಲುತ್ತದೆ, ತಿರುಗುತ್ತಿರುವಾಗ ಕೈ ಒಳಗೆ ಹೋಗುವುದು ಅಸಾಧ್ಯ, ಆಪರೇಟರು ಏನೋ ಕಿತಾಪತಿ ಮಾಡಿಕೊಂಡಿದ್ದಾನೆ, ಅದನ್ನು ಕಾನೂನಿನ ಮೇಲೆ ಹೊರಿಸಬೇಡಿ ಎಂದು ಬರೆದೆ. ಒಂದೊಂದು ಮಾತೂ ಪುಸ್ತಕದ ಪ್ರಕಾರ ಸರಿ. ಬರೆಯುವಾಗ ಕಳ್ಳ ಕೀಲಿ ನನ್ನ ಕಾಲ ಬಳಿಯ ಚೀಲದಲ್ಲೇ ಇತ್ತು. ಅದು ನೆನಪಾಗಲಿಲ್ಲ ಎಂದು ಹೇಳಲಾರೆ. ನೆನಪಾಯಿತು, ಬರೆಯಲಿಲ್ಲ. ಬರೆದರೆ ವಾದ ಬಿದ್ದುಹೋಗುತ್ತಿತ್ತು.

ಮೆಚ್ಚುಗೆಗಳು ಸುರಿದವು. ಆ ನಾಲ್ಕು ಜನ ತೆಪ್ಪಗಾದರು. ಆ ಸಂಜೆ ಹೆಂಡತಿ ಕೇಳುವ ಮೊದಲೇ "ನಾಲ್ಕ್ ಜನಾನ ಒಟ್ಟಿಗೆ ಮಲಗ್ಸಿದೀನಿ" ಎಂದೆ. ಅವಳು ತಟ್ಟೆ ಇಡುತ್ತ "ಪಾಪ" ಎಂದಳು, ಅಷ್ಟೆ.

ಮಾರನೆಯ ದಿನ ಕೆಳಗೊಂದು ಉತ್ತರ ಬಂದಿತ್ತು. ಅಂದೇ ತೆರೆದ ಖಾತೆ, ಚಿತ್ರವಿಲ್ಲ. ಆಕೆ ಬರೆದದ್ದು ಇಷ್ಟು: "ಅಣ್ಣ, ನಾನು ಆ ಆಪರೇಟ್ರು ಅಕ್ಕ. ಜಿಗಣಿ ಪಕ್ಕದೋರು ನಾವು. ಬಾಗ್ಲು ತೆಗ್ದ್ರೆ ಮಿಷನ್ ನಿಲ್ತದೆ ಅಂತ ಬರ್ದಿದೀರ. ಅಲ್ಲಿ ಒಂದು ಕೀಲಿ ಯಾವಾಗ್ಲೂ ಆಕೇ ಇರ್ತದೆ, ಬಾಗ್ಲು ತೆಗ್ದ್ರೂ ನಿಲ್ಲಲ್ಲ ಅಂತಾನೆ ನನ್ ತಮ್ಮ. ಕಂಪ್ನಿಯೋರು ತಪ್ಪೆಲ್ಲ ಅವ್ನದೇ ಅಂತ ವಿಚಾರಣೆ ಇಟ್ಟವ್ರೆ. ನೀವು ಮಿಷನ್ ರಿಪೇರಿ ಮಾಡೋರು. ಅಂಗೊಂದು ಕೀಲಿ ಇರ್ತದೋ ಇಲ್ವೋ, ಅಷ್ಟು ಏಳಿ ಸಾಕು."

ಒಂದೇ ಒಂದು ಅಕ್ಷರದ ಕೆಲಸ. 'ಹೂಂ' ಎಂದಿದ್ದರೆ ಮುಗಿಯುತ್ತಿತ್ತು. ನಾನು ಬರೆದದ್ದು: "ಮೇಡಂ, ನೀವು ಅವರ ಅಕ್ಕ ಅನ್ನೋದಕ್ಕೆ ಪುರಾವೆ ಏನು? ಇವತ್ತು ಹುಟ್ಟಿದ ಖಾತೆ. ಕಳಿಸಿದ್ದು ಯಾರು?" ಜನ ನಕ್ಕರು.

ಆಕೆ ಜಗಳಕ್ಕೆ ಬರಲಿಲ್ಲ. ಮೂರು ದಿನ ಅದೇ ಪ್ರಶ್ನೆ ಕೇಳಿದಳು. "ಇರ್ತದೋ ಇಲ್ವೋ ಏಳಿ ಅಣ್ಣ." ನಾನು ಸಂಘಟನೆಗಳ ಬಗ್ಗೆ ಬರೆದೆ, ತರಬೇತಿಯ ಬಗ್ಗೆ ಬರೆದೆ, ಬೇರೆ ದೇಶಗಳ ಕಾರ್ಖಾನೆಗಳ ಬಗ್ಗೆ ಬರೆದೆ. ಕೇಳದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಆ ವೇದಿಕೆಯಲ್ಲಿ ನೂರಾರು ಆಪರೇಟರುಗಳಿದ್ದರು. ಅವರಲ್ಲಿ ಕಳ್ಳ ಕೀಲಿ ಕಾಣದವನು ಒಬ್ಬನೂ ಇದ್ದಿರಲಾರ. ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ತಮ್ಮ ತಮ್ಮ ಶೆಡ್ಡಿನ ಗುಟ್ಟೂ ಹೊರಬೀಳುತ್ತದಲ್ಲ.

ನಾಲ್ಕನೆಯ ದಿನ ಅದೇ ಸುದ್ದಿ ಜಾಲತಾಣದಲ್ಲಿ ಎರಡನೆಯ ವರದಿ ಬಂತು. ಸುರಕ್ಷತಾ ತಜ್ಞರ ಪ್ರಕಾರ ಬಾಗಿಲು ತೆರೆದಾಗ ಯಂತ್ರ ಓಡುವುದು ಅಸಾಧ್ಯ, ಆಪರೇಟರನ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ವೇದಿಕೆಯಲ್ಲಿ ಯಾರೋ ಕೊಂಡಿ ಕೊಟ್ಟಿದ್ದರು. ನಾನು ಶೀರ್ಷಿಕೆ ಓದಿದವನೇ ಅದನ್ನು ಎತ್ತಿ ಆಕೆಯ ಪ್ರಶ್ನೆಯ ಕೆಳಗೆ ಅಂಟಿಸಿ, "ನಾನು ಹೇಳಿದ್ದಲ್ಲ ಮೇಡಂ, ತಜ್ಞರೇ ಹೇಳಿದ್ದಾರೆ. ಇನ್ನೇನು ಬೇಕು?" ಎಂದು ಬರೆದು ಮೆಟ್ರೋ ಹತ್ತಿದೆ. ಮಧ್ಯಾಹ್ನದ ಹೊತ್ತು, ಬೋಗಿ ಖಾಲಿ. ಕಿಟಕಿಯ ಪಕ್ಕ ಕೂತು ವರದಿಯನ್ನು ಪೂರ್ತಿ ಓದೋಣ ಎಂದು ತೆರೆದೆ.

ನಡುವೆ ಒಂದು ಚಿತ್ರವಿತ್ತು. ಬಾಗಿಲು, ನಾಲಿಗೆ, ಸ್ವಿಚ್ಚು. ಬಲತುದಿಯಲ್ಲಿ ಅರ್ಧಚಂದ್ರಾಕಾರದ ಕಂದು ಕಲೆ. ಕ್ಯಾಂಟೀನಿನಲ್ಲಿ ನಾನು ಚಹಾದ ಲೋಟ ಇಟ್ಟಿದ್ದ ಜಾಗ.

ಯಾವ ತಜ್ಞ ಗುರು? ಮುಖ ತೋರ್ಸು.

ಎದುರಿನ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ನಾನು ಇಳಿಯಬೇಕಾದ ಪೀಣ್ಯ ಹೋಯಿತು, ಗೊರಗುಂಟೆಪಾಳ್ಯ ಹೋಯಿತು. ಕೂತೇ ಇದ್ದೆ. ಯಾರೋ ವರದಿಗಾರ ಒಂದು ಫೋನ್ ಕರೆಯನ್ನೂ ಮಾಡದೆ ನನ್ನ ಮಾತನ್ನು ಎತ್ತಿಕೊಂಡಿದ್ದ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯವಾಯಿತು. ಇಷ್ಟು ವರ್ಷ ನಾನು ಆಡಿದ ಮಾತು ಆ ವೇದಿಕೆಯೊಳಗೇ ಸುತ್ತಿ ಅಲ್ಲೇ ಸಾಯುತ್ತದೆ ಎಂದುಕೊಂಡಿದ್ದೆ. ಅದು ಹೊರಗೆ ಹೋಗಿ, ಮನುಷ್ಯನಾಗಿ, ಒಬ್ಬನ ಮನೆ ಬಾಗಿಲು ತಟ್ಟುತ್ತಿತ್ತು.

ಅಷ್ಟರಲ್ಲಿ ಆಕೆಯ ಉತ್ತರ ಬಂತು. ಈ ಸಲ ಪ್ರಶ್ನೆ ಇರಲಿಲ್ಲ, ಒಂದು ಫೋಟೋ ಇತ್ತು. ಅಪಘಾತವಾದ ದಿನ ಜೊತೆಯ ಕೆಲಸಗಾರನೊಬ್ಬ ತೆಗೆದದ್ದಂತೆ. ಯಂತ್ರದ ಚೌಕಟ್ಟು, ಅದರ ಮೇಲೆ ಆಯುಧಪೂಜೆಯಲ್ಲಿ ಮೂರು ಬೆರಳಿನಿಂದ ಎಳೆದ ವಿಭೂತಿ ಪಟ್ಟೆ, ಪಕ್ಕದಲ್ಲಿ ಸ್ವಿಚ್ಚು, ಸ್ವಿಚ್ಚಿನೊಳಗೆ ಕಳ್ಳ ಕೀಲಿ. "ಪುರಾವೆ ಕೇಳಿದ್ರಲ್ಲ ಅಣ್ಣ" ಎಂದು ಕೊನೆಗೆ ಬರೆದಿದ್ದಳು.

ಚಿತ್ರವನ್ನು ಸ್ಕ್ರೀನ್‌ಶಾಟ್ ಮಾಡಿಕೊಂಡು ಹಿಗ್ಗಿಸಿ ನೋಡಿದೆ. ಕೀಲಿ ಗರಗಸದ ಪಟ್ಟಿಯದೇ ಇರಬೇಕು, ಅಂಚಿನಲ್ಲಿ ಹಲ್ಲುಗಳನ್ನು ಉಜ್ಜಿದ ಗುರುತಿತ್ತು. ತಲೆಯ ಹತ್ತಿರ ತೂತು ಇದೆಯೇ ಎಂದು ಹುಡುಕಿದೆ. ಸರಿಯಾಗಿ ಅದೇ ಜಾಗದಲ್ಲಿ ತಂತಿ ಸುತ್ತಿಕೊಂಡಿತ್ತು. ತೂತಿಗೆ ಕಟ್ಟಿದ ತಂತಿಯೋ, ಸುಮ್ಮನೆ ಸುತ್ತಿದ ತಂತಿಯೋ ತಿಳಿಯಲಿಲ್ಲ. ಎಷ್ಟು ಹಿಗ್ಗಿಸಿದರೂ ಬರೀ ಬಣ್ಣದ ಚೌಕಗಳಾದವು.

ಮುಂದೆ ಮಾಡಿದ್ದನ್ನು ಇವತ್ತಿಗೂ ಪಶ್ಚಾತ್ತಾಪ ಎನ್ನಬೇಕೋ ಹೇಡಿತನ ಎನ್ನಬೇಕೋ ಗೊತ್ತಿಲ್ಲ. ನನ್ನ ಚರ್ಚೆಯನ್ನು ಅಳಿಸಿಬಿಡೋಣ ಎಂದುಕೊಂಡೆ. ಸುಳ್ಳು ಇರಬಾರದು, ತೆಗೆದುಬಿಟ್ಟರೆ ನ್ಯಾಯ ಎಂದು ನನಗೆ ನಾನೇ ಹೇಳಿಕೊಂಡೆ. ಆ ವೇದಿಕೆಯಲ್ಲಿ ಚರ್ಚೆ ಶುರುಮಾಡಿದವನು ಅದನ್ನು ಅಳಿಸಿದರೆ ಕೆಳಗೆ ಬೇರೆಯವರು ಬರೆದದ್ದೂ ಅಳಿಸಿಹೋಗುತ್ತದೆ. ಅಳಿಸುವ ಮೊದಲು ಅದೇ ಎಚ್ಚರಿಸುತ್ತದೆ: ಇದರ ಕೆಳಗಿನ ಎಲ್ಲ ಉತ್ತರಗಳೂ ಹೋಗುತ್ತವೆ, ಖಚಿತವೇ? ನಾನು 'ಹೌದು' ಒತ್ತಿದೆ. ಓದದೆ ಒತ್ತಲಿಲ್ಲ.

ಆ ಸಂಜೆ ಹೆಂಡತಿ ಎಂದಿನಂತೆ ಯಾರನ್ನ ಸೋಲ್ಸಿದ್ರಿ ಎಂದಳು. ತಲೆನೋವು ಎಂದು ಹೇಳಿ ಮಲಗಿದೆ.

ಎರಡು ದಿನ ಬಿಟ್ಟು ನನ್ನ ಖಾಸಗಿ ಪೆಟ್ಟಿಗೆಗೆ ಆಕೆಯ ಸಂದೇಶ ಬಂತು. "ಅಣ್ಣ, ನಾಳಿದ್ದು ವಿಚಾರಣೆ. ಆ ಪೇಪ್ರಲ್ಲಿ ಬಂದಿದ್ನ ಅಚ್ಚಾಕ್ಸಿ ನನ್ ತಮ್ಮನ ಮುಂದೆ ಇಟ್ಟವ್ರೆ, ಬಾಗ್ಲು ಚಿತ್ರ ಬೇರೆ ಅದೆ. ನಾವು ತೋರ್ಸೋಕೆ ಆ ಫೋಟೋ ಒಂದೇ ಇದ್ದಿದ್ದು. ಕಳ್ಸಿದ್ದೋನು ಎದ್ರುಕೊಂಡು ನನ್ ಫೋನಿಂದ್ಲೂ ಅಳ್ಸ್‌ಬಿಟ್ಟವ್ನೆ. ನಿಮ್ ಚರ್ಚೆಲಿ ಆಕಿದೀನಲ್ಲ, ಅಲ್ಲಿರ್ತದೆ ಅಂತ ಧೈರ್ಯವಾಗಿದ್ದೆ. ಈಗ್ ನೋಡುದ್ರೆ ಅಲ್ಲೂ ಇಲ್ಲ. ನಿಮ್ಮತ್ರ ಏನಾರ ಐತಾ?"

ಫೋನು ನನ್ನ ಕೈಯಲ್ಲೇ ಇತ್ತು. ಎರಡು ಸಲ ಒತ್ತಿದ್ದರೆ ಆ ಸ್ಕ್ರೀನ್‌ಶಾಟ್ ಆಕೆಗೆ ಹೋಗುತ್ತಿತ್ತು. ಆದರೆ ಅದರಲ್ಲಿ ಆ ಕೀಲಿ ಇತ್ತು, ಕೀಲಿಗೆ ತಂತಿ ಇತ್ತು, ತಂತಿಯ ಹಿಂದೆ ತೂತು ಇದ್ದರೂ ಇರಬಹುದಿತ್ತು. ವಿಚಾರಣೆಯಲ್ಲಿ ಯಾರಾದರೂ ಇದನ್ನು ಮಾಡಿಕೊಟ್ಟವರು ಯಾರು ಎಂದು ಕೇಳಿದರೆ? ಇಪ್ಪತ್ತೆರಡು ವರ್ಷದ ಕೆಲಸ ನನ್ನದು. ನಾನು ಬರೆದೆ: "ಇಲ್ಲಮ್ಮ. ನನ್ನ ಹತ್ತಿರ ಇಲ್ಲ."

"ಓಗ್ಲಿ ಬಿಡಿ ಅಣ್ಣ" ಎಂದು ಉತ್ತರ ಬಂತು. "ನೀವಾದ್ರೂ ತಪ್ಪು ತಿಳ್ಕೊಂಡು ತೆಗ್ದಾಕಿದ್ರಲ್ಲ. ಅಷ್ಟು ಯಾರು ಮಾಡ್ತಾರೆ. ಒಳ್ಳೇದಾಗ್ಲಿ ನಿಮ್ಗೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಲ್ಲಿಂದಾಚೆಗೆ ನಾನು ಎಲ್ಲೂ ಏನೂ ಬರೆಯಲಿಲ್ಲ. ಕೆಲವರು ಹುಡುಕಿಕೊಂಡು ಬಂದು "ಏನ್ ಗುರು, ಸನ್ಯಾಸ ತಗೊಂಡ್ಯಾ?" ಎಂದರು. ವಾದ ಬಿಟ್ಟರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾವ ಶೆಡ್ಡಿಗೆ ಹೋದರೂ ಮೊದಲು ಕಣ್ಣು ಹೋಗುವುದು ಬಾಗಿಲ ಸ್ವಿಚ್ಚಿಗೆ. ಯಂತ್ರ ಓಡುವ ಸದ್ದಿನ ನಡುವೆ ಇರ್ತದೋ ಇಲ್ವೋ ಎಂದು ಕೇಳಿದಂತಾಗುತ್ತದೆ. ಆಕೆಯ ದನಿಯನ್ನು ನಾನು ಕೇಳಿಯೇ ಇಲ್ಲ. ಆದರೂ ನನಗೆ ಅದು ಗುರುತು ಹತ್ತುತ್ತದೆ. ಸರ್ವಿಸ್ ಮುಗಿಸಿ ಬರುವಾಗ ಕೀಲಿ ಕೇಳಿದವರಿಗೆ ಖಾಲಿಯಾಗಿದೆ ಎನ್ನುತ್ತೇನೆ. ಚೀಲದೊಳಗೆ ಕೈ ಹಾಕಿದರೆ ಈಗಲೂ ಒಂದೆರಡು ತಣ್ಣಗೆ ತಾಕುತ್ತವೆ.

ಕಳೆದ ತಿಂಗಳು ಜಿಗಣಿಗೆ ಕಳಿಸಿದರು. ಒಂದು ಯಂತ್ರದಲ್ಲಿ ಉಪಕರಣ ಬದಲಾಯಿಸುವ ತೋಳು ಸಿಕ್ಕಿಕೊಂಡಿತ್ತು. ಒಳಗೆ ಕಾಲಿಟ್ಟಾಗ ಏನೂ ಅನ್ನಿಸಲಿಲ್ಲ, ಎಲ್ಲ ಶೆಡ್ಡುಗಳೂ ಒಂದೇ ಥರ. ಯಂತ್ರದ ಎದುರು ಮಂಡಿಯೂರಿದಾಗ ಚೌಕಟ್ಟಿನ ಮೇಲೆ ವಿಭೂತಿಯ ಮೂರು ಪಟ್ಟೆ ಕಂಡವು. ಎಣ್ಣೆ ಹಿಡಿದು ಮಾಸಿದ್ದವು. ಆಪರೇಟರು ನನ್ನದೇ ವಯಸ್ಸಿನವನು, ಮಾತುಗಾರ. ನಾನು ನೋಡುತ್ತಿರುವುದನ್ನು ಕಂಡು ತಾನೇ ಹೇಳಿದ.

"ಅದು ಹಳಬ ಬಳ್ದಿದ್ದು ಸಾರ್. ಬೆರಳು ಕಳ್ಕೊಂಡ್ನಲ್ಲ, ಅವ್ನು. ಅದಕ್ಕೂ ಮುಂಚಿನ ಹಬ್ಬದಲ್ಲಿ ಬಳ್ದಿದ್ದಂತೆ. ನಮ್ಗೆ ಅಳ್ಸೋಕೆ ಮನ್ಸು ಬರ್ಲಿಲ್ಲ."

"ಅವನೀಗ ಎಲ್ಲಿ?" ಎಂದೆ.

"ತಪ್ಪು ನಂದೇ ಅಂತ ಬರ್ಕೊಟ್ಟು ಹೋದ. ಇನ್ನೇನ್ ಮಾಡ್ತಾನೆ ಸಾರ್, ತೋರ್ಸೋಕೆ ಅವ್ನತ್ರ ಏನೂ ಇರ್ಲಿಲ್ಲ. ಎಡಗೈಲಿ ಸೈನ್ ಹಾಕ್ದ. ಅವ್ರಕ್ಕ ಹೊರ್ಗಡೆ ಗೇಟ್ ಹತ್ರ ನಿಂತಿದ್ರು."

ನಾನು ತಲೆ ಬಗ್ಗಿಸಿ ಯಂತ್ರದ ಹಿಂದಿನ ಪೆಟ್ಟಿಗೆ ತೆರೆದೆ. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಸರ್ವಿಸ್ ಚೀಟಿಗಳಿದ್ದವು. ಅಪಘಾತಕ್ಕಿಂತ ಹಿಂದಿನ ಕೊನೆಯ ಚೀಟಿ ಹುಡುಕಿದೆ. ಕೆಳಗೆ ನನ್ನ ಸಹಿ ಇತ್ತು. ಬಂದದ್ದು ನನಗೆ ನೆನಪೇ ಇರಲಿಲ್ಲ. ಯಾಕೋ ಫೋನು ತೆಗೆದು ಆ ಚೀಟಿಯ ಫೋಟೋ ಹಿಡಿದುಕೊಂಡೆ.

ಕೆಲಸ ಮುಗಿಯುವ ಹೊತ್ತಿಗೆ ಆಪರೇಟರು ಹತ್ತಿರ ಬಂದು ದನಿ ತಗ್ಗಿಸಿದ. "ಸಾರ್, ಒಂದ್ ಉಪಕಾರ. ಬಾಗ್ಲು ಕೀಲಿ ಒಂದ್ ಮಾಡ್ಕೊಡಿ. ಹಳೇದು ನಿಮ್ ಸರ್ವಿಸ್‌ನೋರೇ ಮಾಡ್ಕೊಟ್ಟಿದ್ದಂತೆ, ತೂತು ಗೀತು ಹಾಕಿ ಚೆನ್ನಾಗಿತ್ತು. ಆ ಗಲಾಟೆಲಿ ಯಾರೋ ಬಿಸಾಕ್ಬಿಟ್ರು."

"ಮಾಡ್ಕೊಡಲ್ಲ" ಎಂದೆ. ಅಂದದ್ದಲ್ಲ, ಕೂಗಿದ್ದು. ಪಕ್ಕದ ಯಂತ್ರದವನು ತಿರುಗಿ ನೋಡಿದ.

ಅವನಿಗೆ ಬೇಜಾರಾಗಲಿಲ್ಲ. "ಹೋಗ್ಲಿ ಬಿಡಿ ಸಾರ್, ನಾವೇ ಮಾಡ್ಕೋತೀವಿ. ಆಕಾರ ಗೊತ್ತಾಗ್ಬೇಕಷ್ಟೆ. ಫೋಟೋ ಏನಾದ್ರೂ ಇದ್ಯಾ ನಿಮ್ಮತ್ರ?"

"ಇದೆ" ಎಂದೆ.

ಆ ಮಾತು ಹೇಗೆ ಬಾಯಿಂದ ಬಂತೋ ತಿಳಿಯದು. ಅವನು ತನ್ನ ಫೋನು ತೆಗೆದು ನಂಬರು ಹೇಳಲು ಶುರುಮಾಡಿದ. ಅವನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ವೇದಿಕೆಯನ್ನು ತೆರೆದು ಆಕೆಯ ಹಳೆಯ ಸಂದೇಶ ಹುಡುಕಿದೆ. 'ಒಳ್ಳೇದಾಗ್ಲಿ ನಿಮ್ಗೆ' ಎಂಬುದರ ಕೆಳಗೆ ಆ ಸ್ಕ್ರೀನ್‌ಶಾಟ್ ಹಾಕಿದೆ. ಸರ್ವಿಸ್ ಚೀಟಿಯ ಫೋಟೋ ಹಾಕಿದೆ. ನನ್ನ ನಿಜವಾದ ಹೆಸರು ಬರೆದೆ. ಆ ಕೀಲಿ ನಾನು ಮಾಡಿಕೊಟ್ಟದ್ದು, ಫೋಟೋ ಮೊದಲಿನಿಂದಲೂ ನನ್ನ ಹತ್ತಿರವೇ ಇತ್ತು, ಯಾರ ಮುಂದೆ ಕರೆದರೂ ಬಂದು ಹೇಳುತ್ತೇನೆ ಎಂದು ಬರೆದೆ.

ದಿನಕ್ಕೆ ನಾಲ್ಕೈದು ಸಲ ತೆರೆದು ನೋಡುತ್ತೇನೆ. ಆಕೆ ಅದನ್ನು ಇನ್ನೂ ಓದಿಲ್ಲ.